ಹೊಸ ಲ್ಯಾಪ್‌ಟಾಪು, ಕರೆಯದೆ ಬಂದ ಬಿಡಾರದವರು

ಹೋದ ತಿಂಗಳ ಸಂಘದ ಕೂಟದಲ್ಲಿ ನಾವು ಒಂದು ಮಾತು ಆಡಿ ಪೇಚಿಗೆ ಸಿಕ್ಕೆವು. ಹೊಸ ಲ್ಯಾಪ್‌ಟಾಪು ಕೊಂಡವರು ಮೊಟ್ಟಮೊದಲು ಮಾಡಬೇಕಾದ ಕೆಲಸವೆಂದರೆ ಅದರೊಳಗೆ ಇರುವುದನ್ನೆಲ್ಲ ಅಳಿಸಿ, ಆಪರೇಟಿಂಗ್ ಸಿಸ್ಟಮನ್ನು ತಾವೇ ಹೊಸದಾಗಿ ಹಾಕಿಕೊಳ್ಳುವುದು ಎಂದೆವು. ಅಷ್ಟೇ. ಹಿರಿಯರು ನಾಲ್ವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ನಮ್ಮ ಮೇಲೆ ಬಿದ್ದರು. “ಅರುವತ್ತು ಸಾವಿರ ಸುರಿದು ತಂದದ್ದನ್ನು ಅಳಿಸುವುದೆ? ಧಾರೆಯ ಸೀರೆಯನ್ನು ಉಡುವ ಮೊದಲೇ ಬಂಡೆಗೆ ಬಡಿದು ಒಗೆಯುತ್ತಾರೆಯೆ?” ಎಂದು ಒಬ್ಬರು ಕೇಳಿದಾಗ ಸಭೆಯೆಲ್ಲ ನಕ್ಕಿತು. ನಗುವಿನ ಎದುರು ವಾದ ನಿಲ್ಲುವುದಿಲ್ಲವಾದ್ದರಿಂದ ಅಂದು ಸುಮ್ಮನಾದೆವು. ಸಂಪಾದಕರು ದಯಮಾಡಿ ಎರಡು ಪುಟ ಕೊಟ್ಟಿದ್ದಾರೆ. ಉತ್ತರವನ್ನು ಈಗ ಕೊಡುತ್ತೇವೆ.

ಸೀರೆಯ ಮಾತು ಬಿಡಿ, ಮನೆಯ ಮಾತು ಆಡೋಣ. ದೆಹಲಿಯಲ್ಲಿ ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರಿಗೆ ವರ್ಷಗಟ್ಟಲೆ ಕಾದ ಮೇಲೆ ಒಂದು ಕ್ವಾರ್ಟರ್ಸು ಸಿಗುತ್ತದೆ. ಅಲಾಟ್‌ಮೆಂಟಿನ ಕಾಗದ ಕೈಗೆ ಬಂದ ದಿನ ನಾವೆಲ್ಲ ಮಾಡುವುದೇನು? ಬೀಗ ಬದಲಾಯಿಸುತ್ತೇವೆ. ಹಿಂದಿನವರು ಬಿಟ್ಟುಹೋದ ಮುರುಕು ಕುರ್ಚಿ, ಗೋಡೆಯ ಕ್ಯಾಲೆಂಡರು, ಅಡಿಗೆಮನೆಯ ಮೂಲೆಯ ಜಿರಲೆ ಎಲ್ಲವನ್ನೂ ಹೊರಹಾಕಿ, ಸುಣ್ಣ ಬಳಿಸಿ, ಆಮೇಲೆ ಹಾಲು ಉಕ್ಕಿಸುತ್ತೇವೆ. ಹಿಂದಿನವರು ಸಜ್ಜನರೇ ಇದ್ದಿರಬಹುದು. ಆದರೂ ಬೀಗ ಬದಲಾಯಿಸುತ್ತೇವೆ. ಬಿ.ಎಸ್‌ಸಿ. ಓದುವಾಗ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಮ್ಮ ಮೇಷ್ಟ್ರು, ಪೆಟ್ಟಿಗೆಯಿಂದ ಆಗತಾನೆ ತೆಗೆದ ಬ್ಯೂರೆಟ್ಟನ್ನೂ ತೊಳೆಯದೆ ಬಳಸಗೊಡುತ್ತಿರಲಿಲ್ಲ. ಹೊಸದು ಬೇರೆ, ಶುದ್ಧ ಬೇರೆ ಎಂಬುದನ್ನು ನಾವು ಅಲ್ಲಿ ಕಲಿತೆವು. ಆ ಪದವಿಯಿಂದ ನಮಗೆ ಆದ ಉಪಕಾರಗಳಲ್ಲಿ ಇದೂ ಒಂದು. ಉಳಿದವನ್ನು ಎಣಿಸಲು ಬೆರಳು ಹೆಚ್ಚು ಬೇಕಾಗದು.

ಈ ವರ್ಷ ಮಗಳು ಕಾಲೇಜಿಗೆ ಸೇರಿದಳು. ನೆಹರೂ ಪ್ಲೇಸಿನ ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪು ಕೊಂಡೆವು. “ಸೆಟಪ್ ಮಾಡಿಕೊಡುತ್ತೇನೆ, ಸಾವಿರದೈನೂರು ಆಗುತ್ತದೆ, ಬೇಕಾದ ಸಾಫ್ಟ್‌ವೇರೆಲ್ಲ ಹಾಕಿಕೊಡುತ್ತೇನೆ” ಎಂದ ಹುಡುಗನಿಗೆ ಕೈ ಮುಗಿದು ಬಂದೆವು. ಆ ‘ಎಲ್ಲ’ ಎಂಬುದರಲ್ಲಿ ಕದ್ದ ಮಾಲು ಎಷ್ಟು ಎಂಬುದು ನಮಗೆ ಗೊತ್ತು. ಮನೆಗೆ ಬಂದು ತೆರೆದರೆ, ಅಂಗಡಿಯವನು ಕೈ ಹಾಕದ ಯಂತ್ರದಲ್ಲೇ ಒಂದು ಸಂತೆ ನೆರೆದಿತ್ತು. 30 ದಿನದ ಪುಕ್ಕಟೆ ಆಂಟಿವೈರಸ್ಸು. ನಾವು ಎಂದೂ ಆಡದ ಆಟಗಳು. ಯಾವುದೋ ಮಾರಾಟ ಮಳಿಗೆಗೆ ಕರೆದೊಯ್ಯುವ ಚಿತ್ರಗುರುತು. ತಯಾರಕರದೇ ‘ಸಹಾಯಕ’ರು ಮೂವರು, ಒಬ್ಬನಿಗೂ ಇನ್ನೊಬ್ಬನಿಗೂ ಕೆಲಸದಲ್ಲಿ ಏನು ಭೇದವೋ ತಿಳಿಯದು. ನಮ್ಮ ಕಚೇರಿಯಲ್ಲಿ ಒಂದು ಕಡತಕ್ಕೆ ಮೂವರು ಸಹಿ ಹಾಕುವಂತೆ ಎನ್ನೋಣ.

ಇಷ್ಟಕ್ಕೆ ಕೂಗಾಡಬೇಕೆ ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇವೆ. ನಮ್ಮ ಸಂಘದಲ್ಲೇ ನಿವೃತ್ತರೊಬ್ಬರಿದ್ದಾರೆ. ಪಿಂಚಣಿಯ ಲೆಕ್ಕ, ಊರಲ್ಲಿರುವ ತಂಗಿಗೆ ಹಣ ಕಳಿಸುವುದು, ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ಮಾಡುವವರು. ಕೊಂಡ ಎರಡನೆಯ ತಿಂಗಳು ಅವರ ಪರದೆಯ ಮೇಲೆ “ನಿಮ್ಮ ರಕ್ಷಣೆ ಮುಗಿದಿದೆ, ಅಪಾಯದಲ್ಲಿದ್ದೀರಿ” ಎಂದು ಕೆಂಪು ಅಕ್ಷರ ಮೂಡಿತು. ಹೆದರಿ ಹಣ ಕಟ್ಟಿದರು. ಮರುವರ್ಷ ಮತ್ತೆ ಕಟ್ಟಿದರು, ಅದರ ಮರುವರ್ಷವೂ ಕಟ್ಟಿದರು. 2012ರ ವಿಂಡೋಸ್ 8ರಿಂದ ಈಚೆಗೆ ವಿಂಡೋಸಿನ ಒಳಗೇ ಡಿಫೆಂಡರ್ ಎಂಬ ಕಾವಲುಗಾರ ಪುಕ್ಕಟೆಯಾಗಿ ಇದ್ದಾನೆಂದೂ, ಹೊರಗಿನ ಕಾವಲುಗಾರ ಬಂದು ಕುಳಿತರೆ ಅವನು ಪಕ್ಕಕ್ಕೆ ಸರಿದು ನಿಲ್ಲುತ್ತಾನೆಂದೂ ಅವರಿಗೆ ಯಾರೂ ಹೇಳಿರಲಿಲ್ಲ. ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಚೌಕಾಶಿ ಮಾಡುವ ಮನುಷ್ಯರು ಅವರು!

ತಯಾರಕರು ಇದನ್ನೆಲ್ಲ ನಮ್ಮ ಮೇಲಿನ ಪ್ರೀತಿಯಿಂದ ತುಂಬುವುದಿಲ್ಲ. ಲ್ಯಾಪ್‌ಟಾಪಿನ ವ್ಯಾಪಾರದಲ್ಲಿ ಲಾಭ ತೆಳು. ಆಂಟಿವೈರಸ್ಸಿನವರು, ಆಟದವರು ತಮ್ಮ ಸರಕನ್ನು ಒಳಗೆ ಕೂಡಿಸಲು ಅವರಿಗೆ ಹಣ ಕೊಡುತ್ತಾರೆ. ಅಂದರೆ ನಾವು ಕೊಂಡ ಮನೆಯ ಒಳಗೋಡೆಯನ್ನು ಅವರು ಮೊದಲೇ ಜಾಹೀರಾತಿಗೆ ಬಾಡಿಗೆಗೆ ಕೊಟ್ಟಿರುತ್ತಾರೆ, ಬಾಡಿಗೆಯನ್ನೂ ಅವರೇ ತೆಗೆದುಕೊಂಡಿರುತ್ತಾರೆ. 2008ರಲ್ಲಿ ಸೋನಿ ಕಂಪನಿ ಅಮೆರಿಕದಲ್ಲಿ ತನ್ನ ಒಂದು ಮಾದರಿಯ ಲ್ಯಾಪ್‌ಟಾಪನ್ನು ಈ ಕಸವಿಲ್ಲದೆ ಕೊಡಲು ಸುಮಾರು 50 ಡಾಲರು ಹೆಚ್ಚು ಕೇಳಿತ್ತು! ಜನ ಛೀಮಾರಿ ಹಾಕಿದ ಮೇಲೆ ಆ ಶುಲ್ಕವನ್ನು ಕೈಬಿಟ್ಟಿತು. ಕಸ ಹಾಕಲು ಒಬ್ಬರಿಂದ, ತೆಗೆಯಲು ಇನ್ನೊಬ್ಬರಿಂದ. ಎರಡು ಕೈಯಲ್ಲಿ ಬಾಚುವ ಇಂಥ ವ್ಯಾಪಾರವನ್ನು ನಮ್ಮ ಚಾಂದನಿ ಚೌಕದವರೂ ಕಂಡಿರಲಾರರು.

“ಬೇಡವಾದ್ದನ್ನು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದೆ?” ಎಂದು ಕೂಟದಲ್ಲಿ ಕೇಳಿದರು. ಸಾಲದು. 2014ರ ಉತ್ತರಾರ್ಧದಲ್ಲಿ ಲೆನೊವೊ ಕಂಪನಿ ತನ್ನ ಅನೇಕ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬುದನ್ನು ತುಂಬಿ ಮಾರಿತು. ನಾವು ನೋಡುವ ಪುಟಗಳಲ್ಲಿ ಜಾಹೀರಾತು ತೂರಿಸುವುದು ಅದರ ಕೆಲಸ. ಬ್ಯಾಂಕಿನಂಥ ಭದ್ರವಾದ ಸಂಪರ್ಕದ ನಡುವೆಯೂ ನುಗ್ಗುವುದಕ್ಕಾಗಿ ಅದು ಯಂತ್ರದಲ್ಲಿ ತನ್ನದೇ ಒಂದು ಮೂಲ ಪ್ರಮಾಣಪತ್ರವನ್ನು ನೆಟ್ಟಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಕೀಲಿ! ಅದರ ಗುಪ್ತಪದವನ್ನು ಒಬ್ಬ ಭದ್ರತಾ ತಜ್ಞ 2015ರ ಫೆಬ್ರವರಿಯಲ್ಲಿ ಬಿಡಿಸಿ ತೋರಿಸಿದ. ಆ ಕೀಲಿ ಕೈಯಲ್ಲಿದ್ದವನು ನಕಲಿ ಬ್ಯಾಂಕಿನ ಪುಟವನ್ನು ಅಸಲಿ ಎಂದು ಆ ಯಂತ್ರಗಳಿಗೆ ನಂಬಿಸಬಹುದಾಗಿತ್ತು. ಇನ್ನು ನಮ್ಮ ಹಿರಿಯರು ಗಮನಿಸಬೇಕಾದ ಅಂಶ: ಆ ಕಾರ್ಯಕ್ರಮವನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಪ್ರಮಾಣಪತ್ರ ಅಲ್ಲೇ ಉಳಿಯುತ್ತಿತ್ತು. ಕಳ್ಳನನ್ನು ಓಡಿಸಿದೆವು, ಕಿಟಕಿ ತೆರೆದೇ ಇತ್ತು. ಈ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2017ರಲ್ಲಿ ಕಂಪನಿಯೊಡನೆ ರಾಜಿ ಮಾಡಿಕೊಂಡು, ಮುಂದೆ ಇಂಥದ್ದನ್ನು ತುಂಬುವ ಮೊದಲು ಗ್ರಾಹಕರ ಒಪ್ಪಿಗೆ ಪಡೆಯಬೇಕೆಂದು ಕಟ್ಟು ಹಾಕಿತು. ಲೆನೊವೊ ಒಂದೇ ಅಲ್ಲ. 2015ರ ನವೆಂಬರಿನಲ್ಲಿ ಡೆಲ್ ಕಂಪನಿಯ ಯಂತ್ರಗಳಲ್ಲೂ ಇದೇ ಜಾತಿಯ ಪ್ರಮಾಣಪತ್ರ ಪತ್ತೆಯಾಗಿ ಆ ಕಂಪನಿ ಕ್ಷಮೆ ಕೇಳಿ ತೆಗೆಯಬೇಕಾಯಿತು.

ಒಂದು ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೆ ಏನೇನು ಬೆರೆಸಿದೆ ಎಂದು ಅಚ್ಚು ಹಾಕದೆ ಮಾರುವಂತಿಲ್ಲ. ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೆ, ಒಳಗೆ ಯಾರ ಯಾರ ಸರಕು ತುಂಬಿದ್ದೇವೆ, ಅದಕ್ಕೆ ಯಾರಿಂದ ಹಣ ಪಡೆದಿದ್ದೇವೆ ಎಂದು ಬರೆಯಲು ಏನು ಅಡ್ಡಿ? ಬರೆಯುವ ಕಾಲ ಬರುವವರೆಗೆ ಅಳಿಸುವ ಹಕ್ಕು ನಮ್ಮದು.

ಹಕ್ಕು ಸರಿ, ಅಳಿಸುವುದು ಹೇಗೆ? ನಾವು ಮಾಡಿದ್ದನ್ನೇ ಹೇಳುತ್ತೇವೆ, ತಪ್ಪನ್ನೂ ಸೇರಿಸಿ. ‘ರೀಸೆಟ್’ ಎಂಬ ಗುಂಡಿಯನ್ನು ನಂಬಬೇಡಿ. ಅದನ್ನು ಒತ್ತಿದರೆ ತಯಾರಕರ ಸಾಮಾನು ಎಷ್ಟೋ ವೇಳೆ ಮರಳಿ ಬರುತ್ತದೆ. 8 ಜಿಬಿಯ ಒಂದು ಪೆನ್‌ಡ್ರೈವು ತಂದು, ಮೈಕ್ರೋಸಾಫ್ಟಿನ ಸ್ವಂತ ತಾಣದಿಂದ ವಿಂಡೋಸ್ 11ನ್ನು ಅದರಲ್ಲಿ ಇಳಿಸಿಕೊಂಡೆವು. ಇದಕ್ಕೆ ಕಾಸು ಕೊಡಬೇಕಿಲ್ಲ. ನಮ್ಮ ಯಂತ್ರದೊಡನೆ ಆಫೀಸ್ ಎಂಬ ಬರವಣಿಗೆಯ ಸರಂಜಾಮೂ ಬಂದಿತ್ತು. ಅದರ ಬೆಲೆಯೂ ಬಿಲ್ಲಿನಲ್ಲಿ ಸೇರಿದ್ದರಿಂದ, ಅಳಿಸುವ ಮೊದಲೇ ಅದನ್ನು ಮಗಳ ಖಾತೆಗೆ ಜೋಡಿಸಿಕೊಂಡೆವು. ಕಸದೊಡನೆ ಮನೆಯ ತಾಮ್ರದ ಚೊಂಬೂ ಹೊರಹೋಗಬಾರದಲ್ಲ. ತಯಾರಕರು ಒಳಗೆ ಬಚ್ಚಿಟ್ಟ ಮರುಸ್ಥಾಪನೆಯ ಭಾಗವೂ ಅಳಿದುಹೋಗುತ್ತದಾದ್ದರಿಂದ ಇನ್ನೊಂದು ದೊಡ್ಡ ಪೆನ್‌ಡ್ರೈವಿನಲ್ಲಿ ಅದರ ಪ್ರತಿ ತೆಗೆದಿಟ್ಟೆವು.

ಆಮೇಲೆ ಯಂತ್ರ ಹೊತ್ತಿಕೊಳ್ಳುವಾಗ ಎಫ್ 12 ಒತ್ತಿ (ಕೆಲವು ಯಂತ್ರಗಳಲ್ಲಿ ಎಫ್ 9, ಕೆಲವರಲ್ಲಿ ಬೇರೆ) ಪೆನ್‌ಡ್ರೈವಿನಿಂದ ಆರಂಭಿಸಿದೆವು. ಯಾವ ಡಿಸ್ಕಿನ ಮೇಲೆ ಹಾಕಲಿ ಎಂದು ಅದು ಕೇಳಿತು. ಪಟ್ಟಿಯನ್ನು ನೋಡಿದರೆ ಖಾಲಿ! ಡಿಸ್ಕೇ ಇಲ್ಲ. ಎದೆ ಧಸಕ್ಕೆಂದಿತು. ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು ನೋಡಿ, “ಅರುವತ್ತು ಸಾವಿರದ ಇಸ್ತ್ರಿಪೆಟ್ಟಿಗೆ” ಎಂದು ಒಂದೇ ಮಾತು ಹೇಳಿ ಒಳಗೆ ಹೋದರು. ಒಂದು ಗಂಟೆ ಬೆವರಿದ ಮೇಲೆ ತಿಳಿದದ್ದೇನೆಂದರೆ, 2020ರಿಂದೀಚಿನ ಇಂಟೆಲ್ ಪ್ರೊಸೆಸರಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ವಿಎಂಡಿ ಎಂಬ ನಿಯಂತ್ರಕದ ಹಿಂದೆ ಕುಳಿತಿರುತ್ತದೆ; ಅದರ ಡ್ರೈವರು ಕೊಡದಿದ್ದರೆ ವಿಂಡೋಸಿಗೆ ಡಿಸ್ಕು ಕಾಣಿಸುವುದಿಲ್ಲ. ಪಕ್ಕದ ಮನೆಯವರ ಗಣಕದಲ್ಲಿ ತಯಾರಕರ ತಾಣ ತೆರೆದು, ಮಾದರಿಯ ಸಂಖ್ಯೆ ಕೊಟ್ಟು ಆ ಡ್ರೈವರನ್ನೂ ವೈಫೈನದನ್ನೂ ತಂದು, ‘ಲೋಡ್ ಡ್ರೈವರ್’ ಎಂಬಲ್ಲಿ ತೋರಿಸಿದೊಡನೆ ಡಿಸ್ಕು ಪ್ರತ್ಯಕ್ಷವಾಯಿತು. ಇವೆರಡನ್ನೂ ಮೊದಲೇ ತಂದಿಟ್ಟುಕೊಳ್ಳದೆ ಹೋದದ್ದು ನಮ್ಮ ತಪ್ಪೇ ಹೊರತು ಯಂತ್ರದ್ದಲ್ಲ. ಪಟ್ಟಿಯಲ್ಲಿದ್ದ ಭಾಗಗಳನ್ನು ಒಂದೊಂದಾಗಿ ಅಳಿಸಿದೆವು. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಅಲ್ಲಿಂದ ಮುಂದೆ ಅರ್ಧ ಗಂಟೆಯ ಕೆಲಸ.

“ಲೈಸೆನ್ಸು ಹೋಗುವುದಿಲ್ಲವೆ?” ಎಂದು ಕೇಳಿದ್ದೀರಿ. ಹೋಗುವುದಿಲ್ಲ. ವಿಂಡೋಸ್ 8ರ ಕಾಲದಿಂದ, ವಿಂಡೋಸಿನೊಡನೆ ಮಾರುವ ಲ್ಯಾಪ್‌ಟಾಪುಗಳಲ್ಲಿ ಅದರ ಕೀಲಿ ಯಂತ್ರದ ಮೂಲ ಹಲಗೆಯಲ್ಲೇ ಅಡಗಿರುತ್ತದೆ. ಹೊಸದಾಗಿ ಹಾಕಿದ ವಿಂಡೋಸು ಅದನ್ನು ತಾನೇ ಓದಿಕೊಳ್ಳುತ್ತದೆ. ಹೋಮ್ ಎಂದು ಕೊಂಡಿದ್ದರೆ ಹೋಮನ್ನೇ ಹಾಕಬೇಕು, ಅಷ್ಟೆ. ಇನ್ನು ವಾರಂಟಿ: ಯಂತ್ರದ ಭಾಗ ಕೆಟ್ಟರೆ ಕೊಡುವ ಖಾತರಿಗೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಖಾತರಿಯ ಕಾಗದ ಓದಿ ನೋಡಿ. ಹೇಗೂ ಇದುವರೆಗೆ ಯಾರೂ ಓದಿಲ್ಲ.

ಆ ಯಂತ್ರದಲ್ಲಿ ನಾವು ಮೊದಲು ಹಾಕಿದ್ದು ಕನ್ನಡವನ್ನು. ದೇಶ ಭಾರತ ಎಂದು ಆರಿಸಿ, ಭಾಷೆಗೆ ಕನ್ನಡ ಸೇರಿಸಿದರೆ ಕೀಲಿಮಣೆ ಬರುತ್ತದೆ. ‘ನಮಸ್ಕಾರ’ವನ್ನು ಇಂಗ್ಲಿಷ್ ಉಚ್ಚಾರದಲ್ಲಿ ಕುಟ್ಟಿ ಕನ್ನಡ ಪಡೆಯುವ ಸೌಕರ್ಯ 2019ರಿಂದ ವಿಂಡೋಸಿನಲ್ಲೇ ಇದೆ. ದೆಹಲಿಯಲ್ಲಿ ಹುಟ್ಟಿದ ಮಗಳು ಮೈಸೂರಿನ ಅಜ್ಜಿಗೆ ನಾಲ್ಕು ಸಾಲು ಬರೆದಳು, ಒತ್ತಕ್ಷರ ಎರಡು ತಪ್ಪಾಗಿತ್ತು. ಅಷ್ಟು ಆಟಗಳನ್ನು ತುಂಬಿ ಕಳಿಸಿದವರಿಗೆ ಕನ್ನಡದ ಕೀಲಿಮಣೆಯನ್ನು ಎದುರಿಗಿಟ್ಟು ಕಳಿಸಲು ತೋಚಲಿಲ್ಲ. ಇಲ್ಲೇ ಒಂದು ಎಚ್ಚರಿಕೆ. ನಮ್ಮ ಮಾತು ಹೊಸ ಯಂತ್ರಕ್ಕೆ ಮಾತ್ರ. ಉತ್ಸಾಹದಲ್ಲಿ ಯಾರಾದರೂ ಮನೆಯ ಹಳೆಯ ಗಣಕವನ್ನು ಅಳಿಸಹೊರಟರೆ, ಕಡತಗಳನ್ನಷ್ಟೇ ಅಲ್ಲ, ಯೂನಿಕೋಡಿಗೆ ಹಿಂದಿನ ನುಡಿ, ಬರಹ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಬೇಕು. ಇಲ್ಲವಾದರೆ ಹತ್ತಿಪ್ಪತ್ತು ವರ್ಷ ಟೈಪು ಮಾಡಿದ್ದೆಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಈ ಪತ್ರಿಕೆಯ ಹಳೆಯ ಸಂಚಿಕೆಗಳ ಕಡತಗಳಿಗೂ ಇದೇ ಅಪಾಯವಿದೆ ಎಂಬುದನ್ನು ಸಂಪಾದಕರು ಗಮನಿಸಬೇಕೆಂದು ಕೋರುತ್ತೇವೆ.

ಅಳಿಸಿ ಹಾಕಿದ್ದರಿಂದ ಗಂಗಾಸ್ನಾನವಾಯಿತೆಂದು ನಾವು ಹೇಳುತ್ತಿಲ್ಲ. ವಿಂಡೋಸೇ ಹೋಮ್ ಆವೃತ್ತಿಯಲ್ಲಿ ತನ್ನ ಖಾತೆ ತೆರೆಯದೆ ಒಳಗೆ ಬಿಡಲು ಸತಾಯಿಸುತ್ತದೆ. 2024ರ ಏಪ್ರಿಲಿನಿಂದ ಸ್ಟಾರ್ಟ್ ಪಟ್ಟಿಯಲ್ಲೂ ಜಾಹೀರಾತು ತೋರಿಸತೊಡಗಿತು, ಅದನ್ನು ಸೆಟಿಂಗ್ಸಿಗೆ ಹೋಗಿ ಮುಚ್ಚಬೇಕು. 2015ರಲ್ಲಿ ಅದೇ ಲೆನೊವೊ, ವಿಂಡೋಸನ್ನು ಪೂರ್ತಿ ಅಳಿಸಿ ಹಾಕಿದರೂ ಮೂಲ ಹಲಗೆಯಿಂದ ತನ್ನ ಕಾರ್ಯಕ್ರಮ ಮತ್ತೆ ಚಿಗುರುವಂತೆ ಮಾಡಿ, ಬೈಸಿಕೊಂಡು ಹಿಂತೆಗೆದದ್ದೂ ಉಂಟು. ಇದಾವುದೂ ಬೇಡವೆನ್ನುವವರು ಲಿನಕ್ಸ್ ಹಾಕಿಕೊಳ್ಳಬಹುದು. ಉಬುಂಟು ಇದೆ, ನಮ್ಮ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಹೊರತಂದ, ಕನ್ನಡವನ್ನೂ ಬಲ್ಲ ಬಾಸ್ ಇದೆ. ಮಗಳ ಕಾಲೇಜಿನವರು ವಿಂಡೋಸೇ ಬೇಕೆಂದದ್ದರಿಂದ ನಾವು ಆ ದಾರಿ ಹಿಡಿಯಲಿಲ್ಲ. ಆದರೆ ಪೂರ್ತಿ ಮಡಿ ಸಾಧ್ಯವಿಲ್ಲವೆಂದು ಸ್ನಾನವನ್ನೇ ಬಿಡುವ ವಾದ ನಮಗೆ ಒಪ್ಪಿಗೆಯಿಲ್ಲ.

ಪಿಂಚಣಿಯ ಆ ಹಿರಿಯರು ಮೊನ್ನೆ ಫೋನು ಮಾಡಿದ್ದರು. ಅವರಿಗೂ ಅವರ ತಮ್ಮನಿಗೂ ಹೊಸ ಲ್ಯಾಪ್‌ಟಾಪು ಬಂದಿದೆಯಂತೆ, ಪೆಟ್ಟಿಗೆ ಇನ್ನೂ ಬಿಚ್ಚಿಲ್ಲವಂತೆ. ಬರುವ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ವಾಚನಾಲಯಕ್ಕೆ ಬರಹೇಳಿದ್ದೇವೆ. ಬೇರೆ ಯಾರಿಗಾದರೂ ಬೇಕಿದ್ದರೆ ಯಂತ್ರ, ಚಾರ್ಜರು, ಎರಡು ಪೆನ್‌ಡ್ರೈವು ತರಲಿ. ಯಂತ್ರದ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ಒಂದು ವಾರ ಮುಂಚೆ ನಮಗೆ ತಿಳಿಸಲಿ, ಡ್ರೈವರುಗಳನ್ನು ಈ ಸಲ ನಾವು ಮೊದಲೇ ಇಳಿಸಿಟ್ಟಿರುತ್ತೇವೆ. ಧಾರೆಯ ಸೀರೆಯ ಮಾತು ತೆಗೆದವರೂ ಬರಬಹುದು. ಉಪ್ಪಿಟ್ಟಿನ ಖರ್ಚು ನಮ್ಮದು.