ಜೆರಾಕ್ಸ್‌ಗೆ ಹೆದರಬೇಡಿ, ಬರೆದವರ ಹೆಸರು ಮರೆಯಬೇಡಿ



ನಮ್ಮ ಪೆರಿಯನಾಯಕನಪಾಳ್ಯಂ ಕಡೆ ಮನೆಮಾತು ಕನ್ನಡ ಆದವರು ಇದ್ದೀವಿ. ಆದರೆ ಒಂದು ಕನ್ನಡ ಪುಸ್ತಕ ಬೇಕಂದ್ರೆ ಬೆಂಗಳೂರಿಗೋ ಮೈಸೂರಿಗೋ ಹೋದವರ ಕೈಲಿ ತರಿಸಬೇಕು. ಒಂದು ಪ್ರತಿ ಬಂದ್ರೆ ಹತ್ತು ಜೆರಾಕ್ಸ್. ಆಗ ಒಬ್ಬರು "ಕಾಪಿರೈಟ್ ಕೇಸ್ ಆಗುತ್ತೆ" ಅಂತ ಹೆದರಿಸ್ತಾರೆ. ಇನ್ನೊಬ್ಬರು "ಕನ್ನಡಕ್ಕೆ ತಾನೇ, ಏನೂ ಆಗಲ್ಲ" ಅಂತಾರೆ. ಎರಡೂ ಪೂರ್ತಿ ಸರಿಯಲ್ಲ.

2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದ ಮೇಲೂ ಅಲ್ಲಿನ ರಾಮೇಶ್ವರಿ ಜೆರಾಕ್ಸ್ ಅಂಗಡಿ ಮೇಲೂ ಕೇಸ್ ಹಾಕಿದರು. ಪಠ್ಯಕ್ಕೆ ಬೇಕಾದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು, ಜೆರಾಕ್ಸ್ ಮಾಡಿ ಕಟ್ಟು ಕಟ್ಟಿ ಕೊಡ್ತಾರೆ ಅನ್ನೋದು ದೂರು. ವಿದ್ಯಾರ್ಥಿಗಳು ಸುಮ್ಮನೆ ಕೂರಲಿಲ್ಲ, ಸಂಘ ಕಟ್ಟಿಕೊಂಡು ಕೋರ್ಟಿಗೆ ಹೋದರು. 2016ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ನಿಂತಿತು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಪಾಠದ ಭಾಗವಾಗಿ ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆ ಅಲ್ಲ. ಇಷ್ಟೇ ಪುಟ ಅಂತ ಲೆಕ್ಕ ಇಲ್ಲ. ಪಾಠಕ್ಕೆ ಬೇಕಾದಷ್ಟು ಇರಬೇಕು, ಅಷ್ಟೇ. 2017ರಲ್ಲಿ ಪ್ರಕಾಶಕರು ಕೇಸ್ ವಾಪಸ್ ತಗೊಂಡರು.

ಹಾಗಂತ ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಟೆಲಿಗ್ರಾಂನಲ್ಲಿ ಊರಿಗೆಲ್ಲ ಹಂಚೋದು ಪಾಠ ಅಲ್ಲ. ಲಾಭಕ್ಕೆ ಅಚ್ಚು ಹಾಕಿ ಮಾರೋದಂತೂ ಅಲ್ಲವೇ ಅಲ್ಲ. ದೆಹಲಿಯಲ್ಲಿ ಎದುರಿಗಿದ್ದದ್ದು ಜಗತ್ತಿನ ದೊಡ್ಡ ಪ್ರಕಾಶಕರು. ನಮ್ಮ ಕನ್ನಡದ ಸಣ್ಣ ಪ್ರಕಾಶಕರು ಹಾಕಿದ ಪ್ರತಿ ಖರ್ಚು ಮಾಡೋಕೇ ಒದ್ದಾಡ್ತಾರೆ. ಅವರ ಹೊಟ್ಟೆ ಮೇಲೆ ಹೊಡೆದು ಕನ್ನಡ ಉಳಿಸೋಕಾಗಲ್ಲ.

ಕಾಪಿರೈಟ್‌ಗೂ ಒಂದು ಅವಧಿ ಇದೆ: ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಬಿ.ಎಂ.ಶ್ರೀ ತೀರಿಕೊಂಡಿದ್ದು 1946ರಲ್ಲಿ, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು ಈಗ ಎಲ್ಲರ ಸ್ವತ್ತು. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅವರ ಕೃತಿಗಳಿಗೆ 2054ರ ಕೊನೆವರೆಗೂ ಹಕ್ಕು ಇದೆ.

ಕಾಯೋದೂ ಬೇಡ ಅಂದ ಮನೆಯವರೂ ಇದ್ದಾರೆ. ಕಾಸರಗೋಡು ಸೀಮೆಯ ಕಯ್ಯೂರು ರೈತರ ಹೋರಾಟವನ್ನು 'ಚಿರಸ್ಮರಣೆ' ಕಾದಂಬರಿ ಮಾಡಿದ ನಿರಂಜನರ ಕೃತಿಗಳನ್ನು 2014ರಲ್ಲಿ ಅವರ ಕುಟುಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಲೇಖಕರ ಹೆಸರು ಹಾಕಿ, ಅದೇ ಪರವಾನಗಿಯಲ್ಲಿ ಮುಂದಕ್ಕೂ ಹಂಚಿದರೆ ಸಾಕು.

ಕನ್ನಡ ಪಾಠ ಹೇಳೋ ಮೇಷ್ಟ್ರುಗಳಿಗೆ, ಓದೋ ತಮ್ಮ ತಂಗಿಯರಿಗೆ ನಮ್ಮ ಮಾತು ಇಷ್ಟು. ಪಾಠಕ್ಕೆ ಬೇಕಾದ ಅಧ್ಯಾಯ ಧೈರ್ಯವಾಗಿ ಜೆರಾಕ್ಸ್ ಮಾಡಿ. ಮೊದಲ ಪುಟದಲ್ಲಿ ಪುಸ್ತಕ, ಲೇಖಕರು, ಪ್ರಕಾಶಕರ ಹೆಸರು ಬರೆಯಿರಿ. ಇಡೀ ಪುಸ್ತಕ ಬೇಕಿದ್ದರೆ ಎಲ್ಲರೂ ಸೇರಿ ಒಂದು ಪ್ರತಿ ಕೊಂಡು ಕಾಲೇಜು ಲೈಬ್ರರಿಗೆ ಕೊಡಿ. ಕಾನೂನು ಕೊಟ್ಟ ಹಕ್ಕನ್ನು ಹೆದರಿ ಕಳ್ಕೊಳ್ಳೋದು ಬೇಡ. ಬರೆದವರ ದುಡಿಮೆಯನ್ನು ಅವರ ಕೈಯಿಂದ ಕಿತ್ಕೊಳ್ಳೋದೂ ಬೇಡ.