ಊರು ಬಿಟ್ಟ ಹುಡುಗನ ಪುಸ್ತಕ

ದುಡಿಮೆ ಸಾಕಾಗಿ ಹೇಳದೆ ಕೇಳದೆ ರೈಲು ಹತ್ತುವ ಹುಡುಗರು ನಮ್ಮ ಓಣಿಗಳಿಗೆ ಹೊಸಬರಲ್ಲ. ಅಂಥವರ ಮೇಲೆ ಹಿರಿಯರಿಗೆ ಸಿಟ್ಟು; ಓರಗೆಯವರಿಗೆ ಒಳಗೊಳಗೇ ಹೊಟ್ಟೆಕಿಚ್ಚು. ಈ ಇಬ್ಬರೂ ತಿಳಿಯಬೇಕಾದ ಪುಸ್ತಕವೊಂದನ್ನು ನಾವು ಈಚೆಗೆ ಓದಿದೆವು: ಅಮೆರಿಕದ ಜಾಕ್ ಲಂಡನ್ ತನ್ನ ಅಲೆಮಾರಿ ದಿನಗಳನ್ನು ಕುರಿತು 1907ರಲ್ಲಿ ಪ್ರಕಟಿಸಿದ ‘ದಿ ರೋಡ್’.

ಈತನನ್ನು ಪೋಲಿಯೆನ್ನುವ ಮುಂಚೆ ಹಿರಿಯರು ಕೊಂಚ ಲೆಕ್ಕ ನೋಡಲಿ. 1893ರಲ್ಲಿ ಆ ದೇಶದ ಬ್ಯಾಂಕುಗಳು ಮುಳುಗಿ, ಜನ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದಿದ್ದರು. ಹದಿನೇಳರ ಈ ಹುಡುಗ ಸೆಣಬಿನ ಗಿರಣಿಯಲ್ಲಿ ಗಂಟೆಗೆ 10 ಸೆಂಟಿನಂತೆ ದಿನಕ್ಕೆ 10 ಗಂಟೆ ದುಡಿದ. ಕೂಲಿ ಏರಿಸುತ್ತೇವೆಂದ ಧಣಿಗಳು ಮಾತಿಗೆ ತಪ್ಪಿದರು. ಆಮೇಲೆ ವಿದ್ಯುತ್ ಕಾರ್ಖಾನೆಯಲ್ಲಿ ಕಲ್ಲಿದ್ದಲು ಹೊರುವ ಕೆಲಸ, ತಿಂಗಳಿಗೆ 30 ಡಾಲರ್. ತಲಾ 40 ಡಾಲರ್ ಪಡೆಯುತ್ತಿದ್ದ ಇಬ್ಬರನ್ನು ತೆಗೆದು ಆ ಜಾಗದಲ್ಲಿ ತನ್ನೊಬ್ಬನನ್ನೇ ದುಡಿಸುತ್ತಿದ್ದಾರೆಂದು ಅವನಿಗೆ ತಡವಾಗಿ ತಿಳಿಯಿತು. ಧಣಿಗೆ ತಿಂಗಳಿಗೆ 50 ಡಾಲರ್ ಉಳಿತಾಯ! 1894ರಲ್ಲಿ ಹುಡುಗ ಊರು ಬಿಟ್ಟ.

ಆಗ ಸುಮಾರು 2000 ನಿರುದ್ಯೋಗಿಗಳು ಕೆಲಸ ಕೇಳಲು ‘ಕೆಲಿ ಸೈನ್ಯ’ವೆಂಬ ಹೆಸರಿನಲ್ಲಿ ರಾಜಧಾನಿ ವಾಷಿಂಗ್ಟನ್ನಿನತ್ತ ಹೊರಟಿದ್ದರು. ಲಂಡನ್ ಅವರನ್ನು ಕೂಡಿಕೊಂಡ. ರೈಲು ಕಂಪನಿಗಳು ಹತ್ತಿಸಿಕೊಳ್ಳದಿದ್ದಾಗ ಸೈನ್ಯ ಡೆಮಾಯಿನ್ ನದಿಯಲ್ಲಿ ದೋಣಿಯ ಮೇಲೆ ಸಾಗಿತು. ದಡದ ರೈತರು ಪ್ರೀತಿಯಿಂದ ದವಸ, ಹಾಲು ಕೂಡಿಸಿಟ್ಟಿದ್ದರು. ನಮ್ಮ ನಾಯಕ ಮಾಡಿದ್ದೇನು? ಒಂಬತ್ತು ಮಂದಿ ಗೆಳೆಯರೊಡನೆ ಚುರುಕಾದ ದೋಣಿಯಲ್ಲಿ ಮುಂದೆ ಹೋಗಿ, ತಾವೇ ಸೈನ್ಯದ ಮುಂಪಡೆಯೆಂದು ಹೇಳಿ, ಒಳ್ಳೊಳ್ಳೆಯದನ್ನೆಲ್ಲ ಎತ್ತಿಕೊಂಡ. ಹಾಲಿನಲ್ಲೇ ಕಾಫಿ ಕಾಸಿ ಕುಡಿದರಂತೆ! ಇವರನ್ನು ನಂಬಬೇಡಿರೆಂದು ಸಾರಲು ಕೆಲಿ ಕುದುರೆ ಸವಾರರನ್ನೇ ಮುಂದಾಗಿ ಅಟ್ಟಬೇಕಾಯಿತು. ಲಂಡನ್ ಇದನ್ನು ನಗುತ್ತ ಬರೆದಿದ್ದಾನೆ. ನಮಗೆ ನಗು ಬರಲಿಲ್ಲ. ಹಿಂದಿನ ದೋಣಿಗಳಲ್ಲಿದ್ದವರೂ ಅವನಂತೆಯೇ ಹಸಿದವರು. ಧಣಿಯಿಂದ ಓಡಿಹೋದವನು ಧಣಿಯ ಬುದ್ಧಿಯನ್ನು ಗಂಟುಕಟ್ಟಿಕೊಂಡೇ ಹೋಗಿದ್ದ.

ಮುಂದೆ ನಯಾಗರಾದಲ್ಲಿ ಅಲೆಮಾರಿಯೆಂದು ಹಿಡಿದರು. ನ್ಯಾಯಾಧೀಶ ಬಾಯಿ ತೆರೆಯಲೂ ಬಿಡದೆ, ತಲೆಗೆ 15 ಸೆಕೆಂಡಿನಂತೆ, 30 ದಿನದ ಸಜೆ ಹಂಚಿದ. ಜೈಲಿನಲ್ಲಿಯೂ ಲಂಡನ್ ಕೈದಿಗಳ ಮೇಲಿನ ಮೇಸ್ತ್ರಿಯಾದ. ಉಳಿದ ರೊಟ್ಟಿಯನ್ನು ಹಸಿದ ಕೈದಿಗಳಿಗೇ ಮಾರಿ ವ್ಯಾಪಾರ ನಡೆಸಿದ. ಹೊರಗಿನ ಬಂಡವಾಳಗಾರರು ನಡೆಸುವುದೂ ಇದನ್ನೇ ಎಂದು ತಾನೇ ಬರೆಯುತ್ತಾನೆ. ಈ ಒಪ್ಪಿಗೆಗಾಗಿಯೇ ನಮಗೆ ಪುಸ್ತಕ ಬೆಲೆಬಾಳುವುದಾಗಿ ಕಂಡಿತು. ಊರಿಗೆ ಮರಳಿದವನು 1896ರಲ್ಲಿ ಸಮಾಜವಾದಿ ಪಕ್ಷ ಸೇರಿದ. (ಬಿಳಿಯರೇ ಮೇಲೆಂಬ ಹುಚ್ಚು ಮಾತ್ರ ಅವನನ್ನು ಬಿಡಲಿಲ್ಲ, ಅದನ್ನು ಮುಚ್ಚಿಟ್ಟು ನಾವು ಅವನನ್ನು ಹೊಗಳಲಾರೆವು.)

ಪುಸ್ತಕ ನಮ್ಮ ಕಚೇರಿಯಲ್ಲಿದೆ. ಇಂಗ್ಲಿಷ್ ಬಾರದವರಿಗಾಗಿ ಭಾನುವಾರ ಸಂಜೆ ಜೈಲಿನ ಎರಡು ಅಧ್ಯಾಯಗಳನ್ನು ಕನ್ನಡದಲ್ಲಿ ಹೇಳುತ್ತೇವೆ. ರೈಲು ಹತ್ತುವ ಯೋಚನೆಯಲ್ಲಿರುವವರು ತಪ್ಪದೆ ಬರಲಿ. ಅವರ ತಂದೆಯರೂ ಬರಲಿ.