ಎಚ್ಚರಿಕೆಯ ಮಾತು ತಿಳಿಯುವ ಭಾಷೆಯಲ್ಲಿರಲಿ

ಹೊಸೂರು ಭಾಗದ ಕನ್ನಡ ಶಾಲೆಗಳಲ್ಲಿ ಓದು ಮುಗಿಸಿದ ಅನೇಕರು ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಮುದ್ರಣ ಮತ್ತು ಪ್ಯಾಕಿಂಗ್ ಘಟಕಗಳಿಗೆ ಸೇರಿದವರ ಕೈಗೆ ಬರುವ ಯಂತ್ರಗಳಲ್ಲಿ ಲ್ಯಾಮಿನೇಷನ್ ಯಂತ್ರವೂ ಒಂದು. ಪುಸ್ತಕದ ಹೊದಿಕೆಗೆ, ಪೆಟ್ಟಿಗೆಯ ರಟ್ಟಿಗೆ ತೆಳ್ಳನೆಯ ಫಿಲ್ಮ್ ಅಂಟಿಸುವ ಈ ಯಂತ್ರ ನೋಡಲು ಸಾಧು. ಆದರೆ ಅದಕ್ಕೆ ಫಿಲ್ಮಿನ ಹೊಸ ಸುರುಳಿ ಏರಿಸುವ ಹೊತ್ತಿನಲ್ಲಿ ಕೈ ರೋಲರುಗಳ ಬಳಿಗೇ ಹೋಗಬೇಕಾಗುತ್ತದೆ. ಅಪಾಯವಿರುವುದು ಅಲ್ಲಿಯೇ.

ಸುರುಳಿ ಬದಲಿಸುವ ಮುನ್ನ ಮೇನ್ ಸ್ವಿಚ್ ಆರಿಸಿ ಬೀಗ ಹಾಕಬೇಕು. ಕೆಂಪು ಗುಂಡಿ ಒತ್ತಿದರೆ ಸಾಲದು. ಇನ್ನೊಬ್ಬರು ತಿಳಿಯದೆ ಚಾಲೂ ಮಾಡಿಬಿಡಬಹುದು. ಬಿಸಿಯಿಂದ ಅಂಟುವ ಫಿಲ್ಮ್ ಬಳಸುವಲ್ಲಿ ರೋಲರ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯೇರಿರುತ್ತದೆ, ಅದು ತಣಿಯಬೇಕು. ಭಾರದ ಸುರುಳಿಯನ್ನು ಒಬ್ಬರೇ ಎತ್ತಬಾರದು. ಶಾಫ್ಟಿಗೆ ಏರಿಸಿದ ಮೇಲೆ ನಡುಮಧ್ಯಕ್ಕೆ ತಂದು, ಎರಡೂ ಬದಿ ಭದ್ರವಾಗಿದೆಯೇ ನೋಡಬೇಕು. ಮೇಲೊಂದು ಕೆಳಗೊಂದು ಸುರುಳಿಯಿದ್ದರೆ ಅಂಚುಗಳು ಒಂದೇ ಗೆರೆಗೆ ಬರಬೇಕು. ಅಂಟಿನ ಮುಖ ಕಾಗದದ ಕಡೆಗಿರಬೇಕು. ತಿರುಗುಮುರುಗಾದರೆ ಅಂಟು ಕರಗಿ ರೋಲರಿಗೆ ಮೆತ್ತಿಕೊಳ್ಳುತ್ತದೆ. ಫಿಲ್ಮಿನ ತುದಿಯನ್ನು ಎರಡು ರೋಲರುಗಳ ನಡುವೆ ಬೆರಳಿನಿಂದ ತಳ್ಳದೆ ಗಟ್ಟಿ ರಟ್ಟಿನ ಜೊತೆ ಒಳಗೆ ಕೊಡಬೇಕು. ಕಾವಲು ಮುಚ್ಚಿದ ಮೇಲೆಯೇ ಯಂತ್ರವನ್ನು ನಿಧಾನವಾಗಿ ತಿರುಗಿಸಬೇಕು. ಸುಕ್ಕು ಕಂಡರೆ ಓಡುವಾಗ ಕೈಯಿಂದ ಸವರದೆ, ನಿಲ್ಲಿಸಿ ಬಿಗಿತ ಸರಿಪಡಿಸಬೇಕು. ದುಪಟ್ಟಾ, ಬಳೆ, ಸಡಿಲ ತೋಳು ಯಂತ್ರದ ಹತ್ತಿರ ಸುಳಿಯಬಾರದು.

ಇದರಲ್ಲಿ ಯಾವ ಮಾತೂ ಕಠಿಣವಲ್ಲ. ಆದರೆ ಒಂದು ಹೆಜ್ಜೆ ಹಿಂದುಮುಂದಾದರೂ ಕೈ ಹೋಗುತ್ತದೆ. ಇಂಥ ಸೂಚನೆ ಕೆಲಸಗಾರ ಓದಬಲ್ಲ ಭಾಷೆಯಲ್ಲಿ ಇಲ್ಲದಿದ್ದರೆ ಗೋಡೆಯ ಮೇಲಿನ ಫಲಕ ಅಲಂಕಾರಕ್ಕಷ್ಟೇ.

1948ರ ಕಾರ್ಖಾನೆ ಕಾಯಿದೆಯ 108ನೆಯ ಕಲಮಿನಂತೆ ಸೂಚನಾ ಫಲಕಗಳು ಇಂಗ್ಲಿಷಿನಲ್ಲಿಯೂ, ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕಿತ್ತು. 2025ರ ನವೆಂಬರಿನಲ್ಲಿ ಆ ಕಾಯಿದೆಯ ಜಾಗಕ್ಕೆ 2020ರ ವೃತ್ತಿ ಸುರಕ್ಷತಾ ಸಂಹಿತೆ ಬಂದಿದೆ. ಕಾಯಿದೆ ಬದಲಾದ ಈ ಹೊತ್ತಿನಲ್ಲಾದರೂ 'ಬಹುಪಾಲು' ಎಂಬ ಹಳೆಯ ಅಳತೆಯನ್ನು ರೂಢಿಯಿಂದ ಕೈಬಿಡಬೇಕು. ಅಲ್ಪಸಂಖ್ಯಾತನ ಬೆರಳೂ ಬೆರಳೇ.

ಗಡಿಯ ಕನ್ನಡಿಗರಿಗೆ ತಮಿಳು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ ಆಡುವ ಮಾತು ಬೇರೆ. ತಾಂತ್ರಿಕ ಸೂಚನೆಯನ್ನು ಓದಿ ಕ್ರಮ ತಪ್ಪದೆ ನಡೆಯುವುದು ಬೇರೆ. ತಮಿಳು ಫಲಕವನ್ನು ತೆಗೆಯಿರಿ ಎಂದು ನಾವು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಕನ್ನಡದ ನಾಲ್ಕು ಸಾಲೂ ಇರಲಿ ಎನ್ನುತ್ತೇವೆ. ಇದೇ ಮಾತು ಸೊಲ್ಲಾಪುರಕ್ಕೂ ಕಾಸರಗೋಡಿಗೂ ಸಲ್ಲುತ್ತದೆ.

ನಮ್ಮ ಶಾಲೆಗಳ ಹೊಣೆಯೂ ಇದೆ. ಹತ್ತನೆಯ ತರಗತಿ ಮುಗಿಯುವುದರೊಳಗೆ ಯಂತ್ರ ಸುರಕ್ಷತೆಯ ಒಂದೆರಡು ಪಾಠ ಕನ್ನಡದಲ್ಲಿ ನಡೆಯಲಿ. ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ಮಾತನಾಡಿಸಲಿ. ರೋಲರ್, ಶಾಫ್ಟ್, ಸ್ವಿಚ್ ಎಂಬ ರೂಢಿಯ ಮಾತುಗಳನ್ನು ಹಾಗೆಯೇ ಇಟ್ಟುಕೊಂಡರೂ ಅಡ್ಡಿಯಿಲ್ಲ. ಕ್ರಮ ಮನಸ್ಸಿಗಿಳಿದರೆ ಸಾಕು.

ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಸಲ್ಲಿಸಬಹುದು. ಆದುದರಿಂದ ಪೋಷಕರು, ಶಿಕ್ಷಕರು ಮತ್ತು ಕಾರ್ಮಿಕರು ಕನ್ನಡದಲ್ಲಿಯೇ ಅರ್ಜಿ ಬರೆದು ಕಾರ್ಖಾನೆ ತನಿಖಾಧಿಕಾರಿಗೆ ಕೊಡಲಿ. ಒಂದು ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಲಿ. ಒಂದು ಫಲಕ ಬರೆಸಲು ತಗಲುವ ಖರ್ಚು ಅಲ್ಪ. ಕಳೆದುಹೋದ ಬೆರಳಿಗೆ ಯಾವ ಪರಿಹಾರಧನವೂ ಸಾಟಿಯಲ್ಲ.